‘ಕಲಿ’ ಎಂದವನು ಕಾಯಬೇಕು

ನಲವತ್ತು ದಾಟಿದ ಮನುಷ್ಯನು ಹೊಸದೊಂದು ವಿದ್ಯೆಗೆ ಕೈಹಾಕಿದನೆಂದರೆ ನಮ್ಮ ಜನ ಅವನನ್ನು ಕೇಳುವ ಮೊದಲ ಪ್ರಶ್ನೆ ‘ಇದರಿಂದ ಏನು ಉಪಯೋಗ?’ ಎಂಬುದು. ಹುಡುಗರನ್ನು ಯಾರೂ ಹೀಗೆ ಕೇಳುವುದಿಲ್ಲ. ಕಲಿಯುವುದು ಅವರ ಕೆಲಸವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ವಯಸ್ಸಾದವನು ಮಾತ್ರ ತನ್ನ ಕಲಿಕೆಗೆ ಕಾರಣ ಕೊಡಬೇಕಾಗುತ್ತದೆ. ನಾನು ಕಳೆದ ಒಂದೂವರೆ ವರ್ಷದಿಂದ ಸ್ಪ್ಯಾನಿಷ್ ಭಾಷೆಯನ್ನು ಕಲಿಯುತ್ತಿದ್ದೇನೆ. ವೃತ್ತಿಯಿಂದ ನಾನು ಕನ್ನಡದ ಅಧ್ಯಾಪಕ. ವಾಸ ಧಾರವಾಡ ಜಿಲ್ಲೆಯ ಅಳ್ನಾವರದಲ್ಲಿ. ಈ ವೃತ್ತಿಗಾಗಲಿ ಈ ಊರಿಗಾಗಲಿ ಸ್ಪ್ಯಾನಿಷ್ ಬೇಕಾಗಿಲ್ಲ. ಆದುದರಿಂದ ಪ್ರಶ್ನೆ ನನ್ನ ಪಾಲಿಗೂ ಬಂದಿತು.

ರೈಲ್ವೆಯಿಂದ ನಿವೃತ್ತರಾಗಿ ನಮ್ಮ ಓಣಿಯಲ್ಲಿಯೇ ನೆಲೆಸಿರುವ ಹಿರಿಯರೊಬ್ಬರು ಅದನ್ನು ಇನ್ನಷ್ಟು ಮೊನಚು ಮಾಡಿ ಕೇಳಿದರು: ‘ಅಲ್ರೀ ಸರ, ಕನ್ನಡಾ ಕಲಿಸೋ ಮಂದಿ ನೀವು. ಅದ್ಯಾವುದೋ ಸ್ಪೇನ್ ದೇಶದ ಮಾತು ಕಲ್ತು ಅಳ್ನಾವರದಾಗ ಯಾರ ಜೋಡಿ ಮಾತಾಡಾವ್ರು?’

ಅವರು ನಕ್ಕರು, ನಾನೂ ನಕ್ಕೆ. ಆದರೆ ಆ ಮಾತಿನಲ್ಲಿ ಉಪಯೋಗದ ಪ್ರಶ್ನೆಗಿಂತ ದೊಡ್ಡದಾದ ಇನ್ನೊಂದು ಪ್ರಶ್ನೆ ಅಡಗಿದೆಯೆಂದು ನನಗೆ ತಿಳಿದದ್ದು ನಿಧಾನವಾಗಿ. ‘ಏತಕ್ಕೆ ಕಲಿಯುತ್ತೀ?’ ಎಂಬುದು ಕಲಿಯುವವನನ್ನು ಕೇಳುವ ಪ್ರಶ್ನೆ. ‘ಯಾರ ಜೊತೆ?’ ಎಂಬುದು ಕೇಳುವವರಿಗೆ ಸಂಬಂಧಿಸಿದ್ದು. ಇಂದು ನಾನು ವಾಚಕರ ಮುಂದೆ ಇಡಬೇಕೆಂದಿರುವುದು ಈ ಎರಡನೆಯದನ್ನು: ಒಂದು ಭಾಷೆಯನ್ನು ಹೊಸದಾಗಿ ಕಲಿಯುವವನಿಗೆ ಆ ಭಾಷೆಯಲ್ಲಿ ಹುಟ್ಟಿ ಬೆಳೆದವನು ಏನನ್ನು ಕೊಡಬೇಕಾಗಿದೆ?

ಮೊದಲು ಕಲಿಯುವವನ ಸ್ಥಿತಿಯನ್ನು ನೋಡೋಣ. ಲೋರ್ಕಾ, ನೆರೂದಾ, ಮಾರ್ಕೆಸ್ ಮೊದಲಾದವರನ್ನು ನಾವು ಕನ್ನಡಿಗರು ಬಲ್ಲೆವು. ಆದರೆ ಬಹುಮಟ್ಟಿಗೆ ಇಂಗ್ಲಿಷಿನ ಕೈಯಿಂದ ಪಡೆದು ಬಲ್ಲೆವು. ಒಂದು ಸಲವಾದರೂ ಅವರ ಮನೆಯ ಬಾಗಿಲಿನಿಂದಲೇ ಒಳಗೆ ಹೋಗಿ ನೋಡಬೇಕೆಂಬುದೇ ನಾನು ಈ ಕೆಲಸಕ್ಕೆ ತೊಡಗಿದ್ದರ ಕಾರಣ. ಪುಸ್ತಕ ತೆರೆದಾಗ ಭಯವಿತ್ತು. ಆದರೆ ವ್ಯಾಕರಣದ ಒಳಹೊಕ್ಕಂತೆ ಅಲ್ಲಲ್ಲಿ ಪರಿಚಿತ ಮುಖಗಳೇ ಕಂಡವು. ‘ಐ ಲೈಕ್ ರೈಸ್’ ಎನ್ನುವಾಗ ಇಂಗ್ಲಿಷಿನಲ್ಲಿ ‘ನಾನು’ ಎಂಬುವನು ಕರ್ತೃವಾಗಿ ಎದೆ ಸೆಟೆಸಿ ನಿಲ್ಲುತ್ತಾನೆ. ಸ್ಪ್ಯಾನಿಷಿನಲ್ಲಿ ‘ಮೆ ಗುಸ್ತಾ ಎಲ್ ಅರ್ರೋಸ್’. ಇಲ್ಲಿ ಕರ್ತೃ ಅನ್ನ. ನಾನು ಚತುರ್ಥಿ ವಿಭಕ್ತಿಯಲ್ಲಿ ಒಂದು ಪಕ್ಕಕ್ಕೆ ಕುಳಿತಿರುವವನು. ನಾವೂ ‘ನನಗೆ ಅನ್ನ ಸೇರುತ್ತದೆ’ ಎನ್ನುವವರೇ ಅಲ್ಲವೆ? ‘ಮೆ ದುಏಲೆ ಲಾ ಕಬೇಸಾ’ ಎಂದರೆ ಅಕ್ಷರಶಃ ‘ನನಗೆ ತಲೆ ನೋಯುತ್ತದೆ’. ಗೌರವದಿಂದ ಒಬ್ಬರನ್ನು ಕರೆಯುವಾಗ ಅವರು ಬಳಸುವ ‘ಉಸ್ತೆದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ಎರಡು ಪದಗಳು ಸವೆದು ಆದದ್ದು. ಎದುರಿಗಿರುವವರನ್ನು ಕುರಿತ ಮಾತಾದರೂ ಅದರ ಕ್ರಿಯಾಪದ ಪ್ರಥಮ ಪುರುಷದಲ್ಲಿರುತ್ತದೆ, ಮೂರನೆಯವರ ಬಗ್ಗೆ ಮಾತನಾಡಿದಂತೆ. ನಮ್ಮ ‘ತಾವು’ ಎಂಬುದೂ ಮೂಲದಲ್ಲಿ ಮೂರನೆಯವರನ್ನು ಸೂಚಿಸುವ ಆತ್ಮಾರ್ಥಕ ಸರ್ವನಾಮವೇ. ಹಿರಿಯರನ್ನು ನೇರವಾಗಿ ಮುಟ್ಟದೆ, ಒಂದಿಷ್ಟು ಸುತ್ತಿ ಬಂದು ಮಾತನಾಡಿಸಬೇಕೆಂಬ ಸಂಕೋಚ ಎರಡು ಜನಾಂಗಗಳಿಗೂ ಒಂದೇ ಬಗೆಯಾಗಿ ಹೊಳೆದಿದೆ.

ಶಬ್ದಗಳಲ್ಲಿಯೂ ಹೀಗೆಯೇ. ನಮ್ಮೂರು ಹುಬ್ಬಳ್ಳಿ-ಲೋಂಡಾ ರೈಲುದಾರಿಯ ಮೇಲಿನ ಜಂಕ್ಷನ್ನು. ಇಲ್ಲಿಂದ ಒಂದು ಕವಲು ದಾಂಡೇಲಿಗೆ ಹೋಗುತ್ತದೆ. ಮುಖ್ಯದಾರಿ ಲೋಂಡಾ, ಕ್ಯಾಸಲ್‌ರಾಕ್ ಹಾಯ್ದು ಗೋವೆಗೆ ಇಳಿಯುತ್ತದೆ. 1961ರ ಡಿಸೆಂಬರಿನವರೆಗೆ ಗೋವಾ ಪೋರ್ತುಗೀಸರ ಕೈಯಲ್ಲಿತ್ತು. ಪೋರ್ತುಗೀಸ್ ಭಾಷೆಯು ಸ್ಪ್ಯಾನಿಷಿನ ಒಡಹುಟ್ಟಿದ ತಂಗಿ. ತಿಂಗಳ ಕೊನೆಗೆ ನಾವು ಎಣಿಸುವ ‘ಪಗಾರ’ ಈ ಎರಡೂ ಭಾಷೆಗಳಲ್ಲಿ ‘ಹಣ ಕೊಡು’ ಎಂಬರ್ಥದ ಧಾತು. ನಮ್ಮ ‘ಚಾವಿ’ ಅವರಲ್ಲಿ ‘ಶಾವೆ’, ಸ್ಪೇನಿನಲ್ಲಿ ‘ಯಾವೆ’. ಸಂತೆಯ ‘ಬಟಾಟಿ’ಯಂತೂ ಇನ್ನೂ ದೂರದಿಂದ ಬಂದದ್ದು: ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಬಾಯಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಪೋರ್ತುಗೀಸಿಗೆ, ಅಲ್ಲಿಂದ ಕೊಂಕಣ ತೀರಕ್ಕೆ, ಕೊನೆಗೆ ಘಟ್ಟ ಹತ್ತಿ ನಮ್ಮ ಅಡಿಗೆಮನೆಗೆ. ಈ ಶಬ್ದಗಳು ಒಂದು ಕಾಲಕ್ಕೆ ಇಲ್ಲಿ ಹೊಸಬವಾಗಿಯೇ ಇದ್ದಿರಬೇಕು. ಕನ್ನಡದ ಕಿವಿ ಅವುಗಳನ್ನು ತಾಳಿಕೊಂಡಿತು. ಅವು ಕನ್ನಡದವೇ ಆದವು.

ಶಬ್ದಕ್ಕೆ ಸಿಕ್ಕಿದ ಈ ತಾಳ್ಮೆ ಮನುಷ್ಯನಿಗೆ ಸಿಗುತ್ತದೆಯೆ ಎಂಬುದೇ ಪ್ರಶ್ನೆ. ಏಕೆಂದರೆ ವಯಸ್ಸಾದ ಮೇಲೆ ಭಾಷೆ ಕಲಿಯುವವನ ಸ್ಥಿತಿ ವಿಚಿತ್ರವಾದದ್ದು. ಅವನ ಬುದ್ಧಿಗೆ ನಲವತ್ತೈದು ವರ್ಷ, ನಾಲಗೆಗೆ ಮೂರು ವರ್ಷ. ಕನ್ನಡದಲ್ಲಿ ನಾನು ಹರಿಹರನ ರಗಳೆಯ ಬಗ್ಗೆ ಒಂದು ತಾಸು ಮಾತನಾಡಬಲ್ಲೆ. ಸ್ಪ್ಯಾನಿಷಿನಲ್ಲಿ ‘ನಿನ್ನೆ ಮಳೆ ಬಂದಿತು, ನಾಳೆಯೂ ಬರಬಹುದು’ ಎನ್ನುವಷ್ಟಕ್ಕೇ ನನಗೆ ಬೆವರು ಬರುತ್ತದೆ. ಮೂರು ವರ್ಷದ ಮಗುವಿಗೆ ಈ ಸಂಕಟವಿಲ್ಲ. ಅದರ ಮನಸ್ಸೂ ನಾಲಗೆಯೂ ಜೊತೆಯಾಗಿ ಬೆಳೆಯುತ್ತವೆ. ಅದು ತೊದಲಿದರೆ ಮನೆಯವರೆಲ್ಲ ಸುತ್ತಲೂ ಕುಳಿತು ಕೇಳುತ್ತಾರೆ. ದೊಡ್ಡವನು ತೊದಲಿದರೆ ಹಾಗಲ್ಲ. ಕೇಳುವವನಿಗೆ ಕಾಣುವುದು ನಾಲಗೆಯೊಂದೇ. ಮಾತು ಕುಂಟುವುದನ್ನು ಕಂಡು ಬುದ್ಧಿಯೇ ಕುಂಟೆಂದು ಬಗೆಯುವುದು ಎಷ್ಟು ಸುಲಭ! ಪರಊರಿಗೆ ದುಡಿಯಲು ಹೋದ ಪ್ರತಿಯೊಬ್ಬನೂ ಈ ಅಳತೆಗೆ ಸಿಕ್ಕಿದ್ದಾನೆ. ತನ್ನ ಊರಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವವನು ಅಲ್ಲಿ ಎಳೆಯರಿಂದಲೂ ‘ಏನೂ ತಿಳಿಯದವನು’ ಎನ್ನಿಸಿಕೊಳ್ಳುತ್ತಾನೆ.

ಈಗಿನ ಕಾಲದಲ್ಲಿ ಮೊಬೈಲ್ ಫೋನು ಇದೆಯಲ್ಲ, ಅದು ಭಾಷೆ ಕಲಿಸುತ್ತದೆಯಲ್ಲ ಎಂದು ಕೆಲವರು ಹೇಳಬಹುದು. ನಿಜ, ಅದು ಕಲಿಸುತ್ತದೆ. ನಾನೂ ಅದರ ಶಿಷ್ಯನೇ. ಒಂದೇ ವಾಕ್ಯವನ್ನು ಐವತ್ತು ಸಲ ಹೇಳಿದರೂ ಅದು ಮುಖ ಸಿಂಡರಿಸುವುದಿಲ್ಲ. ಆದರೆ ಇದನ್ನು ತಾಳ್ಮೆ ಎನ್ನಬಹುದೇ? ಯಂತ್ರಕ್ಕೆ ಬೇರೆ ಕೆಲಸವಿಲ್ಲ, ಹಸಿವಿಲ್ಲ, ಹಿಡಿಯಬೇಕಾದ ಗಾಡಿಯಿಲ್ಲ. ಕಾಯುವುದರಿಂದ ಅದಕ್ಕೆ ಯಾವ ನಷ್ಟವೂ ಇಲ್ಲ. ಮನುಷ್ಯನು ಇನ್ನೊಬ್ಬನ ಅರೆಮಾತಿಗಾಗಿ ನಿಂತಾಗ ತನ್ನ ಆಯುಷ್ಯದೊಳಗಿನ ಎರಡು ನಿಮಿಷವನ್ನು ಕೊಡುತ್ತಾನೆ. ಕೊಡುವುದಕ್ಕೆ ಬೆಲೆಯಿದ್ದಾಗ ಮಾತ್ರ ಅದು ದಾನವಾಗುತ್ತದೆ. ಆದುದರಿಂದಲೇ ಕೇಳಿಸಿಕೊಳ್ಳುವುದು ನೀತಿಯ ವಿಷಯವಾಗುತ್ತದೆ. ಕೇವಲ ಬೋಧನಕ್ರಮದ ವಿಷಯವಾಗಿ ಉಳಿಯುವುದಿಲ್ಲ.

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿಗೆ ಹೋಗುವಾಗ ವಾಸ್ಕೋದಿಂದ ಬಂದ ಗಾಡಿಯಲ್ಲಿ ಸ್ಪೇನ್ ದೇಶದ ದಂಪತಿಗಳು ನನ್ನ ಎದುರಿಗೆ ಕುಳಿತಿದ್ದರು. ಹಂಪೆಗೆ ಹೊರಟವರು. ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು, ಧೈರ್ಯ ಮಾಡಿ, ಅವರ ಭಾಷೆಯಲ್ಲಿ ‘ತಾವು ಎಲ್ಲಿಂದ ಬಂದಿರಿ?’ ಎಂದು ಕೇಳಿದೆ. ಆ ತಾಯಿಯ ಮುಖ ಅರಳಿತು. ‘ಓ! ತಾವು ಸ್ಪ್ಯಾನಿಷ್ ಬಲ್ಲಿರಾ!’ ಎಂದಳು, ಇಂಗ್ಲಿಷಿನಲ್ಲಿ. ಅಲ್ಲಿಂದ ಮುಂದೆ ಧಾರವಾಡ ಬರುವವರೆಗೂ ನಮ್ಮ ಮಾತು ಇಂಗ್ಲಿಷಿನಲ್ಲಿಯೇ ನಡೆಯಿತು. ನಾನು ಇನ್ನೂ ಎರಡು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಅವು ಹೊರಬರಲೇ ಇಲ್ಲ. ಆಕೆಯಲ್ಲಿ ಕೆಟ್ಟ ಭಾವನೆ ಎಳ್ಳಷ್ಟೂ ಇರಲಿಲ್ಲ. ನನಗೆ ಕಷ್ಟವಾಗಬಾರದೆಂಬ ದಯೆಯಿಂದಲೇ ಹಾಗೆ ಮಾಡಿದಳು. ಆದರೆ ಆ ದಯೆಯ ಫಲವೇನು? ಬಾಗಿಲು ತಟ್ಟಿದವನನ್ನು ಆದರದಿಂದ ಮಾತನಾಡಿಸಿ, ಅಂಗಳದಲ್ಲಿಯೇ ಕೂರಿಸಿ ಕಳಿಸಿದಂತಾಯಿತು.

ಅಂದಿನಿಂದ ನಮ್ಮೂರ ಪೇಟೆಯಲ್ಲಿ ನಡೆಯುವುದನ್ನು ನಾನು ಬೇರೆ ಕಿವಿಯಿಂದ ಕೇಳತೊಡಗಿದೆ. ಅಳ್ನಾವರ ಮೊದಲಿನಿಂದಲೂ ಹಲವು ಭಾಷೆಗಳ ಊರು. ಒಂದು ಕಡೆ ಖಾನಾಪುರದ ಸೀಮೆ, ಇನ್ನೊಂದು ಕಡೆ ಹಳಿಯಾಳದ ಸೀಮೆ. ಕನ್ನಡ, ಮರಾಠಿ, ಉರ್ದು, ಕೊಂಕಣಿಗಳು ಒಂದೇ ಓಣಿಯಲ್ಲಿ ಕೇಳಬರುತ್ತವೆ. ಈಗ ಕೆಲವು ವರ್ಷಗಳಿಂದ ಉತ್ತರದ ರಾಜ್ಯಗಳ ಹುಡುಗರೂ ಕಟ್ಟಡದ ಕೆಲಸಕ್ಕೆ, ಅಂಗಡಿಯ ಕೆಲಸಕ್ಕೆ ಬಂದಿದ್ದಾರೆ. ಅಂಥ ಒಬ್ಬ ಹುಡುಗ ಕಿರಾಣಿ ಅಂಗಡಿಗೆ ಬಂದು, ‘ಅಣ್ಣಾ, ಸಕ್ರಿ... ಅರ್ಧ ಕಿಲೋ... ಬೇಕು’ ಎನ್ನುತ್ತಾನೆ. ಮೂರು ಶಬ್ದಗಳನ್ನು ಅವನು ಎಲ್ಲಿಯೋ ಕೂಡಿಸಿಕೊಂಡು ಬಂದಿದ್ದಾನೆ. ಅಂಗಡಿಯವರು ಸಕ್ಕರೆ ತೂಗುತ್ತ, ‘ಔರ್ ಕ್ಯಾ ಚಾಹಿಯೇ?’ ಎನ್ನುತ್ತಾರೆ. ಹುಡುಗನೂ ಹಿಂದಿಗೆ ಮರಳುತ್ತಾನೆ. ವ್ಯವಹಾರ ಬೇಗ ಮುಗಿಯುತ್ತದೆ. ಆದರೆ ಅವನ ನಾಲ್ಕನೆಯ ಕನ್ನಡ ಶಬ್ದ ಹುಟ್ಟಬೇಕಾದ ಜಾಗವೂ ಅಲ್ಲಿಗೇ ಮುಗಿಯುತ್ತದೆ.

ಇದೇ ಹುಡುಗ ಮುಂದೆ ಐದು ವರ್ಷ ಇಲ್ಲಿದ್ದು ಕನ್ನಡ ಬಾರದವನಾಗಿಯೇ ಉಳಿದರೆ ನಾವು ಅವನ ಮೇಲೆ ಸಿಟ್ಟಾಗುತ್ತೇವೆ. ‘ಇಲ್ಲಿಯ ಅನ್ನ ಉಂಡು ಇಲ್ಲಿಯ ಮಾತು ಕಲಿಯಲಿಲ್ಲ’ ಎನ್ನುತ್ತೇವೆ. ಹೊಸಬನನ್ನು ನಿರಾಕರಿಸುವ ದಾರಿಗಳು ಹೀಗೆ ಎರಡು. ಒಂದು ಗದರುವುದು, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಇನ್ನೊಂದು ತಟ್ಟನೆ ಅವನ ಭಾಷೆಗೆ ನಾವೇ ಹೊರಳಿಬಿಡುವುದು. ಇದು ಔದಾರ್ಯದ ವೇಷದಲ್ಲಿ ಬರುವುದರಿಂದ ಕಾಣುವುದಿಲ್ಲ. ಆದರೆ ಎರಡರ ಮೂಲವೂ ಒಂದೇ: ಅವನ ತೊದಲು ಮಾತಿಗಾಗಿ ಕಾಯುವ ಮನಸ್ಸು ನಮಗಿಲ್ಲ. ‘ನಿನ್ನಿಂದ ಇದು ಆಗುವುದಲ್ಲ’ ಎಂದು ಗದರುವವನು ಬಾಯಿಬಿಟ್ಟು ಹೇಳುತ್ತಾನೆ, ಹೊರಳುವವನು ಹೇಳದೆ ಹೇಳುತ್ತಾನೆ.

ಇದು ಕನ್ನಡಿಗರೊಬ್ಬರ ಸ್ವಭಾವವಲ್ಲ. ಸ್ಪೇನಿನಲ್ಲಿಯೇ ಇದರ ದೊಡ್ಡ ನಿದರ್ಶನವಿದೆ. ಆ ದೇಶದ ಈಶಾನ್ಯ ಭಾಗವಾದ ಕತಲೋನಿಯಾದ ಭಾಷೆ ಕತಲಾನ್. 1939ರಿಂದ 1975ರವರೆಗೆ ನಡೆದ ಫ್ರಾಂಕೋನ ಆಳಿಕೆಯಲ್ಲಿ ಅದನ್ನು ಶಾಲೆ, ಕಚೇರಿಗಳಿಂದ ದೂರವಿಟ್ಟರು. ಅದೇ ಕಾಲದಲ್ಲಿ ದಕ್ಷಿಣದ ಬಡ ಪ್ರಾಂತಗಳಿಂದ ಲಕ್ಷಾಂತರ ಜನ ದುಡಿಮೆಗಾಗಿ ಬಾರ್ಸಿಲೋನಾಕ್ಕೆ ಬಂದರು. ಅವರ ಮಾತು ಸ್ಪ್ಯಾನಿಷ್. ಹೊಸಬನ ಉಚ್ಚಾರ ಕಿವಿಗೆ ಬಿದ್ದ ಕೂಡಲೇ ಕತಲಾನರು ಸ್ಪ್ಯಾನಿಷಿಗೆ ಹೊರಳುವುದು ಸಭ್ಯತೆಯೇ ಆಗಿಹೋಗಿತ್ತು. ಫಲವಾಗಿ, ಕಲಿಯಬಯಸಿದವನಿಗೂ ಅಲ್ಲಿ ಕತಲಾನ್ ಕಿವಿಗೆ ಬೀಳುತ್ತಿರಲಿಲ್ಲ. ಸ್ವಾಯತ್ತ ಸರಕಾರ ಬಂದ ಮೇಲೆ 1982ರಲ್ಲಿ ನೋರ್ಮಾ ಎಂಬ ಚಿಕ್ಕ ಹುಡುಗಿಯ ಚಿತ್ರವನ್ನು ಮುಂದಿಟ್ಟುಕೊಂಡು ಒಂದು ಪ್ರಚಾರ ನಡೆಯಿತು. ಕತಲಾನ್ ಎಂಬುದು ಎಲ್ಲರಿಗೂ ಸೇರಿದ್ದು ಎಂಬುದು ಅದರ ಸಾರ. ಹೊಸಬರಿಗೆ ‘ಕಲಿಯಿರಿ’ ಎಂದು ಹೇಳಿದ್ದಕ್ಕಿಂತ ಹಳಬರಿಗೆ ‘ಅವರೊಡನೆ ನಿಮ್ಮ ಮಾತನ್ನೇ ಆಡಿರಿ’ ಎಂದು ಕಲಿಸಬೇಕಾದದ್ದೇ ಹೆಚ್ಚಿನ ಕೆಲಸವಾಗಿತ್ತು. ಅದೇ 1982 ನಮ್ಮಲ್ಲಿ ಗೋಕಾಕ್ ಚಳವಳಿಯ ವರ್ಷ. ಶಾಲೆಯಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು ನಾವು ಬೀದಿಗಿಳಿದೆವು; ಇಳಿದದ್ದು ಸರಿಯಾಗಿಯೇ ಇತ್ತು. ಆದರೆ ಅಂಗಡಿಯ ಕಟ್ಟೆಯ ಮೇಲಿನ ಕನ್ನಡದ ಬಗ್ಗೆ ನಮಗೆ ಯಾವ ಚಳವಳಿಯೂ ಆಗಲಿಲ್ಲ. ಅದು ಸರಕಾರವನ್ನು ಕೇಳಿ ಪಡೆಯುವಂಥದಲ್ಲ, ನಾವೇ ಕೊಡಬೇಕಾದದ್ದು.

ಸ್ಪ್ಯಾನಿಷ್ ಭಾಷೆಯ ಇತಿಹಾಸದಲ್ಲಿ ಇದಕ್ಕೆ ತಿರುಗುಮುರುಗಾದ ಪಾಠವೂ ಇದೆ. 1492ರಲ್ಲಿ ಕೊಲಂಬಸ್ ಹಡಗು ಬಿಟ್ಟ ವರ್ಷವೇ ನೆಬ್ರಿಹಾ ಎಂಬ ಪಂಡಿತನು ಆ ಭಾಷೆಯ ವ್ಯಾಕರಣವನ್ನು ಬರೆದು ಇಸಾಬೆಲ್ ರಾಣಿಗೆ ಅರ್ಪಿಸಿದ. ಭಾಷೆಯೂ ಸಾಮ್ರಾಜ್ಯವೂ ಜೊತೆಯಾಗಿ ನಡೆಯುತ್ತವೆಂಬುದು ಅವನ ಅಭಿಪ್ರಾಯವಾಗಿತ್ತು. ಹಾಗೆಯೇ ಆಯಿತು. ಇಂದು ಸುಮಾರು 50 ಕೋಟಿ ಜನರ ತಾಯ್ನುಡಿಯಾಗಿರುವ ಆ ಭಾಷೆ ಅಮೆರಿಕಾ ಖಂಡದಲ್ಲಿ ಹಬ್ಬಿದ್ದು ಆಳುವವರ ಬಲದಿಂದ. ಎಷ್ಟೋ ನಾಡನುಡಿಗಳು ಅದರ ಕಾಲಡಿಯಲ್ಲಿ ಹೇಳಹೆಸರಿಲ್ಲವಾದವು. ಅಲ್ಲಿ ಕಲಿಯೆಂದವನು ಕಾಯಲಿಲ್ಲ. ಕಾಯಬೇಕಾದ ಅಗತ್ಯವೂ ಅವನಿಗಿರಲಿಲ್ಲ, ಏಕೆಂದರೆ ಅವನ ಕೈಯಲ್ಲಿ ಕತ್ತಿಯಿತ್ತು. ನಮ್ಮ ಕೈಯಲ್ಲಿ ಕತ್ತಿಯಿಲ್ಲ, ಇರಬಾರದು ಕೂಡ. ಹಾಗಾದರೆ ಉಳಿದ ಸಾಧನ ಒಂದೇ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ‘ತಾಳ್ಮೆ, ತಾಳ್ಮೆ ಎಂದೇ ಕನ್ನಡಿಗರು ಕೆಟ್ಟರು. ತಾಳ್ಮೆಯ ಪಾಠ ನಮಗೇಕೆ?’ ಎಂದು ನನ್ನ ಸಹೋದ್ಯೋಗಿ ಮಿತ್ರರು ಕೇಳುತ್ತಾರೆ. ಅವರ ನೋವನ್ನು ನಾನು ಬಲ್ಲೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಮೂರರಲ್ಲಿ ಎರಡು ಪಾಲು ಮಾತ್ರ. ಈ ನೆಲಕ್ಕೆ ಬಂದು ನೆಲೆಸುವವರು ಈ ನೆಲದ ಮಾತನ್ನು ಕಲಿಯಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಅದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ. ಆದರೆ ಅವರು ಯಾವುದನ್ನು ತಾಳ್ಮೆ ಎನ್ನುತ್ತಾರೆಯೋ ಅದು ತಾಳ್ಮೆಯಲ್ಲ, ಅವಸರ. ಬೇಗ ಮುಗಿಯಲೆಂದು ನಾವು ಪರಭಾಷೆಗೆ ಹೊರಳಿದೆವು, ಅದಕ್ಕೆ ಔದಾರ್ಯವೆಂದು ಹೆಸರಿಟ್ಟೆವು. ನಿಜವಾದ ತಾಳ್ಮೆಯುಳ್ಳವನು ಹೊರಳುವುದಿಲ್ಲ. ಅವನು ಕನ್ನಡದಲ್ಲಿಯೇ ನಿಲ್ಲುತ್ತಾನೆ, ನಿಧಾನವಾಗಿ ಮಾತನಾಡುತ್ತಾನೆ, ಎದುರಿನವನ ಮುಂದಿನ ಶಬ್ದಕ್ಕಾಗಿ ನಿಲ್ಲುತ್ತಾನೆ. ಇದು ಗದರುವುದಕ್ಕಿಂತ ಕಷ್ಟ, ಹೊರಳುವುದಕ್ಕಿಂತಲೂ ಕಷ್ಟ.

ಕಾದದ್ದರಿಂದ ಕನ್ನಡಕ್ಕೆ ಬಂದ ಲಾಭವೂ ಸಣ್ಣದಲ್ಲ. 1853ರಲ್ಲಿ ಇಪ್ಪತ್ತೊಂದು ವರ್ಷದ ಜರ್ಮನ್ ತರುಣನೊಬ್ಬ ಬಾಸೆಲ್ ಮಿಶನ್ನಿನಿಂದ ನಮ್ಮ ಧಾರವಾಡ ಸೀಮೆಗೆ ಬಂದ. ಬಂದದ್ದು ಮತಪ್ರಚಾರಕ್ಕೆ. ಅವನೇ ಫರ್ಡಿನಂಡ್ ಕಿಟ್ಟೆಲ್. ನಾಲ್ಕು ದಶಕಗಳ ಮೇಲೆ, 1894ರಲ್ಲಿ, ಸುಮಾರು 70,000 ಶಬ್ದಗಳ ಅವನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ನಾವು ಆ ನಿಘಂಟಿಗೆ ಕೈಮುಗಿಯುತ್ತೇವೆ, ಅವನ ಪ್ರತಿಮೆಗೆ ಹಾರ ಹಾಕುತ್ತೇವೆ. ಆದರೆ ಮೊದಲ ವರ್ಷದ ಕಿಟ್ಟೆಲನನ್ನು ನೆನೆದುಕೊಳ್ಳಿರಿ: ಳಕಾರ ಹೊರಳದ ನಾಲಗೆ, ವಿಭಕ್ತಿ ತಪ್ಪುವ ವಾಕ್ಯ. ಅದನ್ನು ಕೇಳಿ, ನಗೆ ಬಂದರೂ ತಡೆದುಕೊಂಡು, ‘ಹಂಗಲ್ರೀ, ಹಿಂಗ’ ಎಂದು ಹೇಳಿಕೊಟ್ಟ ಜನ ಇದ್ದಿರಲೇಬೇಕು. ರೈತರು, ಪಂಡಿತರು, ಸಂತೆಯ ಹೆಂಗಸರು ಇದ್ದಿರಬೇಕು. ಅವರ ಹೆಸರು ಯಾವ ಪುಟದಲ್ಲಿಯೂ ಇಲ್ಲ. ಆದರೆ ನಿಘಂಟಿನ ಅರ್ಧ ಪುಣ್ಯ ಆ ಕಿವಿಗಳದು.

ಇನ್ನೂ ಹತ್ತಿರದ ಮಾತು: ಜ್ಞಾನಪೀಠ ಪ್ರಶಸ್ತಿ ಪಡೆದ ನಮ್ಮವರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಇವರು ಎಳವೆಯಿಂದಲೇ ಕನ್ನಡದಲ್ಲಿ ಬೆಳೆದವರು, ನನ್ನ ಹಾಗೆ ನಡುವಯಸ್ಸಿನಲ್ಲಿ ಅಕ್ಷರ ತಿದ್ದಿದವರಲ್ಲ. ಆದರೂ ಮನೆಯೊಳಗಿನ ಮಾತೊಂದು, ಹೊರಗಿನದೊಂದು ಎಂದಾಗ ಹೊರಗಿನ ಬೀದಿ ಆ ಹುಡುಗರನ್ನು ಹೇಗೆ ಕೇಳಿಸಿಕೊಂಡಿತು ಎಂಬುದು ಮುಖ್ಯ. ‘ನೀನು ನಮ್ಮವನಲ್ಲ’ ಎಂದು ಆ ಬೀದಿ ಹೇಳಿದ್ದರೆ ನಷ್ಟ ಯಾರದಾಗುತ್ತಿತ್ತು?

ಹಾಗೆಂದು ಕಾಯುವುದಕ್ಕೆ ಮಿತಿಯೇ ಇಲ್ಲವೆಂದಲ್ಲ. ಇಪ್ಪತ್ತು ವರ್ಷ ಇಲ್ಲಿಯೇ ಇದ್ದು, ಕಲಿಯುವ ಅನುಕೂಲಗಳೆಲ್ಲ ಇದ್ದು, ‘ಈ ಭಾಷೆಯ ಹಂಗು ನನಗೇಕೆ?’ ಎನ್ನುವವನಿಗೆ ನಾವು ಯಾವ ಋಣವನ್ನೂ ಪಡೆದಿಲ್ಲ. ಕಾಯುವುದು ಬರುತ್ತಿರುವವನಿಗಾಗಿ, ಬರಲೊಲ್ಲದವನಿಗಾಗಿ ಅಲ್ಲ. ಆದರೆ ಯಾರು ಬರುತ್ತಿರುವವರು, ಯಾರು ಒಲ್ಲದವರು ಎಂಬುದು ಮುಖ ನೋಡಿದರೆ ತಿಳಿಯುವಂಥದಲ್ಲ. ಒಂದಿಷ್ಟು ಹೊತ್ತು ಕೇಳಿದ ಮೇಲೆಯೇ ತಿಳಿಯಬೇಕು. ಮೊದಲ ಐದು ನಿಮಿಷದ ಸಹನೆಯಂತೂ ಎಲ್ಲರಿಗೂ ಸಲ್ಲತಕ್ಕದ್ದು.

ಸ್ಪೇನಿನ ಉತ್ತರದಲ್ಲಿ ಬಾಸ್ಕ್ ಎಂಬ ಇನ್ನೊಂದು ಜನಾಂಗವಿದೆ. ತಮ್ಮ ಭಾಷೆಯನ್ನು ದೊಡ್ಡವರಾದ ಮೇಲೆ ಕಲಿತವರಿಗೆ ಅವರಲ್ಲಿ ‘ಎವ್ಸ್ಕಾಲ್ದುನ್‌ಬೆರ್ರಿ’ ಎಂಬ ಹೆಸರಿದೆ. ‘ಬಾಸ್ಕ್ ನುಡಿಯನ್ನು ಹೊಸದಾಗಿ ಪಡೆದವನು’ ಎಂದರ್ಥ. ನಮ್ಮಲ್ಲಿ ಹಳಗನ್ನಡವುಂಟು, ನಡುಗನ್ನಡವುಂಟು, ಹೊಸಗನ್ನಡವುಂಟು. ಆದರೆ ಕನ್ನಡವನ್ನು ಹೊಸದಾಗಿ ಪಡೆದ ಮನುಷ್ಯನಿಗೆ ಹೆಸರಿಲ್ಲ. ಅವನು ‘ಪರಭಾಷಿಕ’, ಇಲ್ಲವೆ ‘ಹೊರಗಿನವನು’. ಹೆಸರಿಲ್ಲದವನಿಗೆ ಮನೆಯಲ್ಲಿ ಜಾಗ ಮಾಡುವುದು ಕಷ್ಟ. ‘ಹೊಸಗನ್ನಡಿಗ’ ಎಂದು ಕರೆದರೆ ವ್ಯಾಕರಣಕ್ಕೇನೂ ದೋಷವಿಲ್ಲ. ಪಗಾರ, ಚಾವಿ, ಬಟಾಟಿಗಳನ್ನು ನಮ್ಮವೆಂದುಕೊಂಡ ಕನ್ನಡಕ್ಕೆ ಮೂರು ಶಬ್ದ ಕಲಿತು ಅಂಗಡಿಗೆ ಬಂದ ಹುಡುಗನನ್ನು ನಮ್ಮವನೆಂದುಕೊಳ್ಳುವುದು ಭಾರವಾಗಲಾರದು.

ನನ್ನ ಸ್ಪ್ಯಾನಿಷ್ ಎಲ್ಲಿಗೆ ಮುಟ್ಟುವುದೋ ನನಗೆ ತಿಳಿಯದು. ನೆರೆಯ ಹಿರಿಯರು ಕೇಳಿದಂತೆ, ಅಳ್ನಾವರದಲ್ಲಿ ಅದನ್ನು ಕೇಳುವವರು ಯಾರೂ ಇಲ್ಲದಿರಬಹುದು. ಆದರೆ ಕನ್ನಡ ಕಲಿಯಬಯಸಿ ಅಳ್ನಾವರಕ್ಕೆ ಬಂದವನಿಗೆ ಅದೇ ಮಾತನ್ನು ಹೇಳಬೇಕಾದ ಪ್ರಸಂಗ ಬರಬಾರದು. ಅವನ ಸುತ್ತ ಕೇಳುವ ಕಿವಿಗಳು ಸಾವಿರಾರು ಇವೆ. ‘ಸಕ್ರಿ ಅರ್ಧ ಕಿಲೋ ಬೇಕು’ ಎಂದವನಿಗೆ ‘ಮತ್ತೇನು ಬೇಕಪಾ?’ ಎಂದು ಕನ್ನಡದಲ್ಲಿಯೇ ಕೇಳಿ, ಅವನು ಶಬ್ದ ಹುಡುಕುವಷ್ಟು ಹೊತ್ತು ತಕ್ಕಡಿಯನ್ನು ಕೈಯಲ್ಲಿ ಹಿಡಿದು ನಿಂತರೆ ಸಾಕು.